ಆರ್‌ಟಿಒ ಬಾಗಿಲಿದೆ, ಬಾಗಿಲವರೆಗಿನ ದಾರಿ ಇಲ್ಲ: ನೋಂದಣಿಯಿಲ್ಲದ ಹಳೆಯ ವಾಹನಗಳ ತಪಾಸಣೆಯ ತೊಡಕು

ಮೈಸೂರಿನಲ್ಲಿ ನಮ್ಮ ದೊಡ್ಡಪ್ಪನ ಮನೆಯ ಹಿತ್ತಲಲ್ಲಿ ಸೌದೆ ಹಾಕುವ ಕೊಟ್ಟಿಗೆಯೊಂದಿತ್ತು. ಅದರ ಮೂಲೆಯಲ್ಲಿ ಹಳೆಯ ಸೀರೆಯೊಂದನ್ನು ಹೊದ್ದು ಜಾವಾ ಮೋಟಾರ್ ಸೈಕಲ್ ವರ್ಷಗಟ್ಟಲೆ ನಿಂತಿತ್ತು. ಅದು 1969ರ ಗಾಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದದ್ದು, ಮೈಸೂರು ರಾಜ್ಯದ ಕಾಲದ ‘ಎಂವೈ’ ಸರಣಿಯ ನಂಬರು ಹೊತ್ತದ್ದು. ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಮಗ ಮತ್ತು ನಾನು ಸೇರಿ ಅದನ್ನು ಮತ್ತೆ ಎಬ್ಬಿಸಿದೆವು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಟ್ಯಾಂಕಿನ ತುಕ್ಕು ಕಳೆದು, ಬ್ರೇಕ್ ಶೂ ಬದಲಿಸಿ, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿದಾಗ ಮೂರನೇ ಕಿಕ್ಕಿಗೆ ಗಾಡಿ ಮಾತನಾಡಿತು. ಜಾವಾ ಓಡಿಸಿದವರಿಗೆ ಗೊತ್ತು, ಕಿಕ್ ಹೊಡೆಯುವ ಅದೇ ಲಿವರನ್ನು ಕೆಳಗೆ ಮಡಚಿದರೆ ಗೇರ್ ಹಾಕುವ ಲಿವರ್ ಆಗುತ್ತದೆ. ಆ ಲಿವರನ್ನು ಮಡಚುತ್ತಿದ್ದಂತೆ ಅಣ್ಣನ ಕಣ್ಣು ತುಂಬಿ ಬಂತು.

ಆಮೇಲೆ ಆರ್‌ಸಿ ಪುಸ್ತಕ ತೆಗೆದು ನೋಡಿದೆವು. ಅವಧಿ 2009ಕ್ಕೇ ಮುಗಿದಿತ್ತು.

ಸಾರಿಗೆ ಕಚೇರಿಗೆ ಹೋಗಿ ವಿಚಾರಿಸಿದಾಗ ಕೌಂಟರಿನಲ್ಲಿದ್ದ ಹಿರಿಯರು ಸಮಾಧಾನದಿಂದಲೇ ಉತ್ತರಿಸಿದರು. “ನವೀಕರಣ ಆಗುತ್ತದೆ. ಗಾಡಿಯನ್ನು ಇಲ್ಲಿಗೆ ತಂದು ಇನ್‌ಸ್ಪೆಕ್ಟರಿಗೆ ತೋರಿಸಬೇಕು.” ಓಡಿಸಿಕೊಂಡು ಬರಬಹುದೇ ಸರ್ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಓಡಿಸಿಕೊಂಡು ಬಂದರೆ ಕೇಸು. ತರದಿದ್ದರೆ ನವೀಕರಣವಿಲ್ಲ. ನೀವೇ ಏನಾದರೂ ವ್ಯವಸ್ಥೆ ಮಾಡಿಕೊಳ್ಳಿ.”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಳೆಯ ವಾಹನ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಎದುರಿಸುವ ತೊಡಕನ್ನೇ ಅವರು ಎರಡು ವಾಕ್ಯದಲ್ಲಿ ಹೇಳಿದ್ದರು. ನೋಂದಣಿಯಿಲ್ಲದೆ ರಸ್ತೆಗೆ ಇಳಿಯುವಂತಿಲ್ಲ, ರಸ್ತೆಗೆ ಇಳಿಯದೆ ನೋಂದಣಿ ಆಗುವಂತಿಲ್ಲ. ಈ ತೊಡಕು ಹುಟ್ಟಿದ್ದು ಎಲ್ಲಿ, ಅದನ್ನು ಬಿಡಿಸಲು ಯಾರ ಕೈಯಲ್ಲಿ ಏನಿದೆ ಎಂದು ಕಾಯ್ದೆ, ನಿಯಮಗಳನ್ನು ಕೆದಕುತ್ತಾ ಹೋದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮಿನಿಂದ ಶುರು ಮಾಡೋಣ. ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಾಗಲಿ ಬೇರೆ ಯಾವುದೇ ಸ್ಥಳದಲ್ಲಾಗಲಿ ಯಾರೂ ಓಡಿಸುವಂತಿಲ್ಲ, ಮಾಲೀಕ ಬೇರೆಯವರಿಗೆ ಓಡಿಸಲು ಬಿಡುವಂತೆಯೂ ಇಲ್ಲ ಎಂದು ಅದು ಹೇಳುತ್ತದೆ. ಸಾರ್ವಜನಿಕ ಸ್ಥಳ ಎಂದರೆ ಡಾಂಬರು ರಸ್ತೆಯಷ್ಟೇ ಅಲ್ಲ, ಜನರಿಗೆ ಹೋಗಿಬರುವ ಹಕ್ಕಿರುವ ಯಾವುದೇ ಜಾಗ.   ಮೀರಿದವರಿಗೆ 192ನೇ ಕಲಮಿನಡಿ ಮೊದಲ ಬಾರಿ 5,000 ರೂಪಾಯಿವರೆಗೆ ದಂಡ, ಮತ್ತೆ ಮೀರಿದರೆ 10,000 ರೂಪಾಯಿವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಸೆರೆ. 207ನೇ ಕಲಮಿನಡಿ ವಾಹನವನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರವೂ ಪೊಲೀಸರಿಗಿದೆ. ಕಾಯಿಲೆಯವರನ್ನು, ಗಾಯಗೊಂಡವರನ್ನು ತುರ್ತಾಗಿ ಸಾಗಿಸಿದರೆ ದಂಡವಿಲ್ಲ ಎಂದು 192ನೇ ಕಲಮು ಒಂದು ವಿನಾಯಿತಿ ಕೊಡುತ್ತದೆ. ತಪಾಸಣೆಗೆ ಒಯ್ಯುತ್ತಿದ್ದೆ ಎಂಬುದು ಆ ವಿನಾಯಿತಿಯಲ್ಲಿ ಬರುವುದಿಲ್ಲ.

ನಮ್ಮ ಜಾವಾ ನೋಂದಣಿಯೇ ಆಗದ ಗಾಡಿಯಲ್ಲವಲ್ಲ, ಅವಧಿ ಮೀರಿದ್ದಷ್ಟೇ ಅಲ್ಲವೇ ಎಂದು ಅಣ್ಣ ಕೇಳಿದ. ಬಹಳ ಜನರ ನಂಬಿಕೆಯೂ ಇದೇ. ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಆಯಸ್ಸು, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 52ನೇ ನಿಯಮದ ಮೂರನೇ ಉಪನಿಯಮವನ್ನು ಓದಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಅವಧಿ ಮುಗಿದ ಮೇಲೆ 39ನೇ ಕಲಮಿನ ಮಟ್ಟಿಗೆ ಆ ವಾಹನ ಸಿಂಧುವಾಗಿ ನೋಂದಣಿಯಾಗಿದೆ ಎಂದು ಪರಿಗಣಿಸುವಂತಿಲ್ಲ, ನವೀಕರಣವಾಗುವವರೆಗೆ ಸಾರ್ವಜನಿಕ ಸ್ಥಳದಲ್ಲಿ ಬಳಸುವಂತಿಲ್ಲ ಎಂದು ಅದು ನೇರವಾಗಿಯೇ ಹೇಳುತ್ತದೆ. ಅಂದರೆ ಹಡಗಿನಲ್ಲಿ ಬಂದಿಳಿದು ಒಮ್ಮೆಯೂ ನಂಬರು ಪಡೆಯದ 1930ರ ಕಾರೂ, ದಶಕಗಟ್ಟಲೆ ತೆರಿಗೆ ಕಟ್ಟಿ ನವೀಕರಣ ತಪ್ಪಿಸಿಕೊಂಡ ಜಾವಾವೂ ರಸ್ತೆಯ ಮೇಲೆ ಕಾನೂನಿನ ಕಣ್ಣಿಗೆ ಒಂದೇ.

ಇಷ್ಟರವರೆಗೆ ನನಗೆ ತಕರಾರಿಲ್ಲ. ಗುರುತಿಲ್ಲದ, ವಿಮೆಯಿಲ್ಲದ ವಾಹನ ಬೀದಿಯಲ್ಲಿ ಓಡಾಡಬಾರದು. ನನ್ನ ತಕರಾರು ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ.

2021ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಅಲ್ಲಿಯವರೆಗೆ ದೇಶದಲ್ಲಿ ಒಂದೊಂದು ರಾಜ್ಯದಲ್ಲಿ ಒಂದೊಂದು ಪದ್ಧತಿ ಇತ್ತು. ಆದ್ದರಿಂದ ಇದು ನಿಜಕ್ಕೂ ಒಳ್ಳೆಯ ಕೆಲಸ, ಹಳೆಯ ವಾಹನ ಪ್ರೀತಿಸುವವರು ದಶಕಗಳಿಂದ ಕೇಳುತ್ತಿದ್ದದ್ದು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ, ಗಣನೀಯ ಮಾರ್ಪಾಡು ಕಾಣದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್ ಎನಿಸಿಕೊಳ್ಳುತ್ತವೆ. ನಮೂನೆ 20ರಲ್ಲಿ ಅರ್ಜಿ, ಅದರ ಜೊತೆಗೆ ವಿಮಾ ಪಾಲಿಸಿ, ಶುಲ್ಕ, ಆಮದಾಗಿದ್ದರೆ ಕಸ್ಟಮ್ಸ್ ದಾಖಲೆ, ಇಲ್ಲಿಯೇ ನೋಂದಣಿಯಾಗಿದ್ದರೆ ಹಳೆಯ ಆರ್‌ಸಿ. ಅರವತ್ತು ದಿನದೊಳಗೆ ನಮೂನೆ 23-ಎಯಲ್ಲಿ ನೋಂದಣಿ ಪ್ರಮಾಣಪತ್ರ ಕೊಡಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಚಲಾವಣೆ, ಆಮೇಲೆ ಮರುನೋಂದಣಿಗೆ 5,000. ಹಳೆಯ ನಂಬರು ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ಪಡೆಯುವವರಿಗೆ ರಾಜ್ಯದ ಸಂಕೇತದ ನಂತರ ‘ವಿಎ’ ಅಕ್ಷರಗಳಿರುವ ನಂಬರು ಸಿಗುತ್ತದೆ.

ಹಳೆಯ ನಂಬರು ಉಳಿಯುವುದು ಸಣ್ಣ ಮಾತಲ್ಲ. ‘ಎಂವೈ’ ಎಂಬ ಎರಡಕ್ಷರದಲ್ಲಿ ಕರ್ನಾಟಕ ಎಂಬ ಹೆಸರು ಬರುವುದಕ್ಕೆ ಮುಂಚಿನ ನಮ್ಮ ರಾಜ್ಯ ಇದೆ. ಆ ಅವಕಾಶ ಉಳಿಸಿಕೊಟ್ಟವರಿಗೆ ನಾನು ಕೃತಜ್ಞ.

ಈ ನಿಯಮಗಳಲ್ಲೇ ವಿಂಟೇಜ್ ವಾಹನವನ್ನು ಯಾವುದಕ್ಕೆ ರಸ್ತೆಗಿಳಿಸಬಹುದು ಎಂಬ ಪಟ್ಟಿಯೂ ಇದೆ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ, ಮತ್ತು ಇಂಥ ಕಡೆಗಳಿಗೆ ಹೋಗಿಬರುವುದು. ದಿನಬಳಕೆಗೆ, ಬಾಡಿಗೆಗೆ ಇಲ್ಲ. ಮದುವೆ ಮೆರವಣಿಗೆಗೆ ಕಾಸು ಪಡೆದು ಕಳಿಸುವುದೂ ಬಾಡಿಗೆಯೇ. ಪೆಟ್ರೋಲ್ ಬಂಕಿಗೆ ಹೋಗುವುದನ್ನೂ ಮರೆಯದೆ ಬರೆದ ಈ ಪಟ್ಟಿಯಲ್ಲಿ ನೋಂದಣಿಯ ತಪಾಸಣೆಗೆ ಹೋಗುವ ಮೊದಲ ಪಯಣ ಬರುವುದಿಲ್ಲ. ಬರುವುದು ಸಾಧ್ಯವೂ ಇಲ್ಲ, ಏಕೆಂದರೆ ಈ ಪಟ್ಟಿ ಆಗಲೇ ನೋಂದಣಿಯಾದ ವಾಹನಕ್ಕೆ ಅನ್ವಯಿಸುವಂಥದ್ದು. ಆ ಮೊದಲ ಪಯಣಕ್ಕೆ ಬೇರೆಲ್ಲಾದರೂ ಜಾಗ ಇರಬೇಕಿತ್ತು.

ಜಾಗ ಇದೆ. ಆದರೆ ಅದು ಬೇರೆಯವರಿಗಾಗಿ ಮಾಡಿದ ಜಾಗ. ಶೋರೂಮುಗಳಿಗೆ ಕೊಡುವ ಟ್ರೇಡ್ ಸರ್ಟಿಫಿಕೇಟ್ ಎಂಬ ವ್ಯವಸ್ಥೆ ಎಲ್ಲರೂ ಕಂಡದ್ದೇ. ಕೆಂಪು ಫಲಕದ ಮೇಲೆ ಬಿಳಿ ಅಕ್ಷರದ ನಂಬರು ಹಾಕಿಕೊಂಡು ಹೊಸ ಕಾರುಗಳು ಬೀದಿಯಲ್ಲಿ ಓಡಾಡುತ್ತಿರುತ್ತವೆ. 39ನೇ ಕಲಮಿನಲ್ಲೇ ಡೀಲರ್ ಬಳಿಯ ವಾಹನಕ್ಕೆ ವಿನಾಯಿತಿ ಇದೆ. ಯಾವ ಕೆಲಸಕ್ಕೆ ಆ ಫಲಕ ಬಳಸಬಹುದು ಎಂದು ಕೇಂದ್ರ ನಿಯಮಗಳ 41ನೇ ನಿಯಮ ಪಟ್ಟಿ ಮಾಡುತ್ತದೆ: ದುರಸ್ತಿಯ ನಂತರ ಪರೀಕ್ಷಿಸಲು, ತೂಕದ ಕಟ್ಟೆಗೆ ಹೋಗಿಬರಲು, ಬಣ್ಣ ಬಳಿಸಲು ವರ್ಕ್‌ಶಾಪಿಗೆ ಒಯ್ಯಲು, ರೈಲು ನಿಲ್ದಾಣಕ್ಕೆ ಸಾಗಿಸಲು, ಪ್ರದರ್ಶನಕ್ಕೆ ಕೊಂಡೊಯ್ಯಲು. ಅದೇ ಪಟ್ಟಿಯಲ್ಲಿ ನೋಂದಣಿಗೆಂದು ಯಾವುದೇ ಸ್ಥಳಕ್ಕೆ ಹೋಗುವುದು ಮತ್ತು ಅಲ್ಲಿಂದ ಮರಳುವುದು ಎಂಬುದೂ ಸೇರಿದೆ.

ಇದನ್ನು ಓದಿದಾಗ ನನಗೆ ಅನಿಸಿದ್ದು ಇಷ್ಟು. ನೋಂದಣಿಯಿಲ್ಲದ ವಾಹನ ನೋಂದಣಿಗಾಗಿ ರಸ್ತೆಯಲ್ಲಿ ಸಾಗಬೇಕಾಗುತ್ತದೆ ಎಂಬುದು ನಿಯಮ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಆ ಪಯಣಕ್ಕೆ ಅವರು ಪದ ಹುಡುಕಿದರು, ಫಲಕದ ಬಣ್ಣ ಗೊತ್ತುಮಾಡಿದರು. ಹಿತ್ತಲಲ್ಲಿ ಜಾವಾ ಇಟ್ಟುಕೊಂಡ ಸಾಮಾನ್ಯ ಮಾಲೀಕನೂ ಅದೇ ದಾರಿಯಲ್ಲಿ ನಿಂತಿರುತ್ತಾನೆ ಎಂಬುದು ಮಾತ್ರ ಅವರ ಎಣಿಕೆಗೆ ಬರಲಿಲ್ಲ. ಡೀಲರ್ ಎಂಬ ಪದಕ್ಕೆ ಕಾಯ್ದೆ ಕೊಡುವ ವ್ಯಾಖ್ಯೆಯಲ್ಲಿ ವಾಹನ ದುರಸ್ತಿ ಮಾಡುವವರೂ ಸೇರುತ್ತಾರೆ. ಆದರೆ ಈ ಪರವಾನಗಿಯ ನಡೆ ನುಡಿಯೆಲ್ಲ ಹೊಸ ವಾಹನ ಮಾರುವವರನ್ನು ಎದುರಿಗಿಟ್ಟುಕೊಂಡು ರೂಪುಗೊಂಡದ್ದು. ಎರಡು ಕೋಣೆಯ ಗ್ಯಾರೇಜಿನಲ್ಲಿ ತಿಂಗಳಿಗೊಂದು ಯೆಜ್ಡಿ ಎಬ್ಬಿಸುವ ಮೆಕ್ಯಾನಿಕ್ಕಿಗೆ ಅದು ಕೈಗೆಟುಕುವ ದಾರಿಯಲ್ಲ.

2019ರ ತಿದ್ದುಪಡಿ ಈ ಅಂತರವನ್ನು ಇನ್ನಷ್ಟು ಹಿಗ್ಗಿಸಿತು. ಅಧಿಕೃತ ಡೀಲರ್ ಮಾರಿದ ಹೊಸ ವಾಹನವನ್ನು ಮೊದಲ ನೋಂದಣಿಗೆ ಆರ್‌ಟಿಒ ಮುಂದೆ ಹಾಜರುಪಡಿಸುವ ಅಗತ್ಯವೇ ಇಲ್ಲ ಎಂದು 44ನೇ ಕಲಮು ಬದಲಾಯಿತು. ಸಲೀಸಾಗಿ ಓಡಿಸಿಕೊಂಡು ಹೋಗಬಲ್ಲ ಗಾಡಿ ಕಚೇರಿಗೆ ಹೋಗಬೇಕಾಗಿಲ್ಲ. ಹೋಗುವ ದಾರಿಯೇ ಇಲ್ಲದ ಗಾಡಿ ಹೋಗಲೇಬೇಕು.

ಹೋಗಲಿ, ಯಾರು ಹಿಡಿಯುತ್ತಾರೆ, ಬೆಳಿಗ್ಗೆ ಆರಕ್ಕೆ ಹೊರಟು ಗಲ್ಲಿಗಳಲ್ಲೇ ಹೋಗಿ ಕಚೇರಿಯ ಮುಂದೆ ನಿಲ್ಲಿಸಿಬಿಟ್ಟರಾಯಿತು ಎಂದು ಹೇಳುವವರಿದ್ದಾರೆ. ಬಹಳ ಮಂದಿ ಹಾಗೆಯೇ ಮಾಡುತ್ತಾರೆ ಕೂಡ. ಅವರಿಗೆ ದಂಡದ ಹೆದರಿಕೆಗಿಂತ ದೊಡ್ಡದೊಂದು ವಿಷಯ ಹೇಳಬೇಕು. ಅದು ವಿಮೆ.

ತಾತ್ಕಾಲಿಕ ನೋಂದಣಿ ಮುಗಿದ ಮೂರು ವಾರದ ಮೇಲೆ ಅಪಘಾತಕ್ಕೀಡಾದ ಒಂದು ವಾಹನದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಪಾಲಿಸಿ ಚಾಲ್ತಿಯಲ್ಲಿತ್ತು, ಕಂತು ಕಟ್ಟಿತ್ತು. ಆದರೂ 2014ರಲ್ಲಿ ನ್ಯಾಯಾಲಯ ವಿಮಾ ಕಂಪನಿಯ ಪರ ನಿಂತಿತು. ನೋಂದಣಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದು ಅಪರಾಧ ಮಾತ್ರವಲ್ಲ, ವಿಮಾ ಕರಾರಿನ ಮೂಲಭೂತ ಉಲ್ಲಂಘನೆಯೂ ಹೌದು ಎಂದಿತು. 2021ರ ಸೆಪ್ಟೆಂಬರ್‌ನಲ್ಲಿ ಬಂದ ಇನ್ನೊಂದು ತೀರ್ಪಿನಲ್ಲಿ ವಾಹನ ಓಡುತ್ತಲೂ ಇರಲಿಲ್ಲ. ತಾತ್ಕಾಲಿಕ ನೋಂದಣಿ ಮುಗಿದ ಗಾಡಿಯನ್ನು ಮಾಲೀಕರು ಬೇರೆ ಊರಿಗೆ ಒಯ್ದು ತಂಗಿದ್ದ ಕಡೆ ನಿಲ್ಲಿಸಿದ್ದರು, ರಾತ್ರಿ ಕಳುವಾಯಿತು. ಅಲ್ಲಿಯೂ ಪರಿಹಾರ ಸಿಗಲಿಲ್ಲ.

ಈ ಎರಡು ತೀರ್ಪುಗಳನ್ನು ಮುಂದಿಟ್ಟುಕೊಂಡು ಮನೆಯಿಂದ ಆರ್‌ಟಿಒವರೆಗಿನ ನಮ್ಮ ಆರು ಕಿಲೋಮೀಟರ್ ಪಯಣವನ್ನು ಯೋಚಿಸಿ. ಹದಿನಾಲ್ಕು ವರ್ಷ ನಿಂತ ಗಾಡಿ. ಡ್ರಮ್ ಬ್ರೇಕು. ಸರ್ಕಲ್ ಬಳಿ ಒಬ್ಬರು ಅಡ್ಡ ಬಂದು ಪೆಟ್ಟಾದರೆ ಆ ಕುಟುಂಬದ ಬದುಕಿನ ಭಾರ ನೇರವಾಗಿ ಓಡಿಸಿದವನ ಮನೆಯ ಮೇಲೆ ಬೀಳಬಹುದು. ಪೆಟ್ಟು ತಿಂದವರೂ ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆಯಬೇಕಾಗಬಹುದು. ಹಾಗಾಗಿ ಕದ್ದು ಓಡಿಸಿಕೊಂಡು ಹೋಗಿ ಎಂಬ ಸಲಹೆಯನ್ನು ಯಾರಾದರೂ ಕೊಟ್ಟರೆ, ಅವರು ಎಷ್ಟೇ ಅನುಭವಿಗಳಿರಲಿ, ದಯವಿಟ್ಟು ಕೇಳಬೇಡಿ.

ವಿಮೆ ಪಡೆಯುವುದೂ ಸುಲಭವಿಲ್ಲ. ನೋಂದಣಿಯ ಅರ್ಜಿಗೆ ಪಾಲಿಸಿ ಲಗತ್ತಿಸಬೇಕು. ಪಾಲಿಸಿ ಕೇಳಿದರೆ ಏಜೆಂಟರು ಮೊದಲು ಕೇಳುವುದು ಚಾಲ್ತಿಯ ಆರ್‌ಸಿ. ವಿಂಟೇಜ್ ಎಂದು ನೋಂದಣಿಯಾದ ಖಾಸಗಿ ಕಾರಿಗೆ ಮೂರನೇ ವ್ಯಕ್ತಿಯ (ಥರ್ಡ್ ಪಾರ್ಟಿ) ವಿಮಾ ಕಂತಿನಲ್ಲಿ ಶೇ 50ರಷ್ಟು ರಿಯಾಯಿತಿ ಕೊಡಬೇಕೆಂದು 2022ರ ನಿಯಮ ಹೇಳುತ್ತದೆ. ಒಳ್ಳೆಯದೇ. ಆದರೆ ಆ ರಿಯಾಯಿತಿ ಸಿಗುವುದು ನೋಂದಣಿ ಕೈಗೆ ಬಂದ ಮೇಲೆ. ಅತಿ ಹೆಚ್ಚು ವಿಮೆ ಬೇಕಾದ ದಿನ, ಅಂದರೆ ಗಾಡಿ ಮೊದಲ ಬಾರಿ ಗೇಟು ದಾಟುವ ದಿನ, ಅದು ಇರುವುದಿಲ್ಲ.

ಹಾಗಾದರೆ ಇಂದು, ಇರುವ ಕಾನೂನಿನೊಳಗೆ ಏನು ಮಾಡಬಹುದು?

ಒಂದೇ ನಿಶ್ಚಿಂತೆಯ ದಾರಿ ಗಾಡಿಯನ್ನು ಸರಕಾಗಿ ಒಯ್ಯುವುದು. ಟಾಟಾ ಏಸ್‌ನಲ್ಲೋ ಕಾರಾದರೆ ಕ್ಯಾರಿಯರ್ ಲಾರಿಯಲ್ಲೋ ಹೇರಿದರೆ ಅದರ ಚಕ್ರ ರಸ್ತೆಗೆ ತಾಗುವುದಿಲ್ಲ, ಅದನ್ನು ಯಾರೂ ಓಡಿಸುತ್ತಿಲ್ಲ. ನಾವು ಮಾಡಿದ್ದೂ ಇದನ್ನೇ. ಹಗ್ಗ ಕಟ್ಟಿ ಎಳೆದುಕೊಂಡು ಹೋಗುವುದು ಇದಕ್ಕೆ ಸಮವಲ್ಲ. ದಾರಿಯಲ್ಲಿ ಕೆಟ್ಟುನಿಂತ ವಾಹನವನ್ನು ಹತ್ತಿರದ ಗ್ಯಾರೇಜಿಗೆ ಎಳೆಯುವಂಥ ಸಂದರ್ಭಕ್ಕೆ ಮಾತ್ರ ಸಂಚಾರ ನಿಯಮ ಅದನ್ನು ಒಪ್ಪುತ್ತದೆ. ಸರಿಯಾಗಿರುವ ಗಾಡಿಯನ್ನು ಊರಾಚೆಯಿಂದ ಎಳೆದು ತಂದರೆ ಒಂದು ತಪ್ಪಿನ ಜಾಗದಲ್ಲಿ ಎರಡು ತಪ್ಪು.

ಏಸ್‌ಗೆ ಹೇರುವಾಗ ಒಂದು ಎಚ್ಚರ. ಚಕ್ರದ ಕಡ್ಡಿಗಳಿಗೆ ಹಗ್ಗ ಬಿಗಿಯಬಾರದು. ಮೊದಲ ಗುಂಡಿಗೇ ಕಡ್ಡಿ ಬಾಗುತ್ತದೆ. ಹ್ಯಾಂಡಲಿನ ಕೆಳಗಿನ ಫೋರ್ಕಿಗೆ ಎರಡೂ ಬದಿಯಿಂದ, ಹಿಂಬದಿ ಚಾಸಿಗೆ ಒಂದು ಕಡೆಯಿಂದ ಬಿಗಿಯಬೇಕು. ನಡುವೆ ಹಳೆಯ ಕಂಬಳಿ ತುಂಡು ಇಟ್ಟರೆ ಬಣ್ಣ ಉಳಿಯುತ್ತದೆ. ಹಳೆಯ ಆರ್‌ಸಿಯ ಪ್ರತಿ, ಅರ್ಜಿಯ ರಸೀದಿ, ತಪಾಸಣೆಗೆ ಗೊತ್ತುಮಾಡಿದ ದಿನದ ಚೀಟಿ ಚಾಲಕನ ಕೈಯಲ್ಲಿರಲಿ. ಹಳೆಯ ಮೋಟಾರ್ ಸೈಕಲ್ ಹೇರಿಕೊಂಡು ಹೋಗುವ ಗೂಡ್ಸ್ ಗಾಡಿಯನ್ನು ಪೊಲೀಸರು ನಿಲ್ಲಿಸಿ ಕೇಳುವುದು ಸಹಜ, ಕಳವಿನ ಮಾಲು ಸಾಗುವುದೂ ಹೀಗೆಯೇ ಅಲ್ಲವೇ.

ಎರಡನೆಯದು ಯಾವ ಬಾಗಿಲು ತಟ್ಟಬೇಕು ಎಂಬ ಆಯ್ಕೆ. ಆರ್‌ಸಿ ಕೈಯಲ್ಲಿದ್ದು ಅವಧಿ ಮಾತ್ರ ಮುಗಿದಿದ್ದರೆ ನಮೂನೆ 25ರಲ್ಲಿ ಮಾಮೂಲಿ ನವೀಕರಣಕ್ಕೆ ಹೋಗಬಹುದು. 2025ರ ಆಗಸ್ಟ್‌ನಲ್ಲಿ ಪರಿಷ್ಕರಿಸಿದ ದರದ ಪ್ರಕಾರ 20 ವರ್ಷ ದಾಟಿದ ಮೋಟಾರ್ ಸೈಕಲಿನ ನವೀಕರಣಕ್ಕೆ 2,000 ರೂಪಾಯಿ, ಲಘು ಮೋಟಾರು ವಾಹನಕ್ಕೆ 10,000, ಆಮದು ಕಾರಿಗೆ 80,000. ತಡವಾದ ತಿಂಗಳುಗಳ ಲೆಕ್ಕ ಬೇರೆ. ಈ ದಾರಿಯಲ್ಲಿ ಹೋದವರು ಗಾಡಿಯನ್ನು ಎಲ್ಲರಂತೆ ದಿನವೂ ಓಡಿಸಬಹುದು, ಐದು ವರ್ಷಕ್ಕೊಮ್ಮೆ ಮತ್ತೆ ತೋರಿಸಬೇಕು. ವಿಂಟೇಜ್ ದಾರಿಯಲ್ಲಿ ಹತ್ತು ವರ್ಷದ ನೆಮ್ಮದಿ, ಆದರೆ ಪ್ರದರ್ಶನ, ರ‍್ಯಾಲಿಯಂಥ ಕೆಲಸಕ್ಕೆ ಮಾತ್ರ. ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣದವರೆಗೆ ಸುಮ್ಮನೆ ಹೋಗಿಬರಬೇಕು ಎನ್ನುವವರಿಗೆ ಮಾಮೂಲಿ ನವೀಕರಣವೇ ಸರಿ ಎಂಬುದು ನನ್ನ ಅಭಿಪ್ರಾಯ. ಆಮದು ಕಾರಿನವರಿಗೆ ಲೆಕ್ಕ ತಿರುಗುಮುರುಗಾಗುತ್ತದೆ, ಅದು ಅಂಕಿಗಳಲ್ಲೇ ಕಾಣುತ್ತಿದೆ. ಯಾವುದನ್ನು ಆಯ್ದರೂ ಹಳೆಯ ನಂಬರು ಗಣಕಯಂತ್ರದಲ್ಲಿದೆಯೇ ಎಂದು ಮೊದಲು ವಿಚಾರಿಸಿ. ಬಟ್ಟೆ ಬೈಂಡಿನ ಲೆಡ್ಜರುಗಳಲ್ಲಿ ಮಾತ್ರ ಉಳಿದ ನಂಬರುಗಳನ್ನು ‘ವಾಹನ್’ ಎಂಬ ಗಣಕೀಕೃತ ನೋಂದಣಿ ವ್ಯವಸ್ಥೆಗೆ ಸೇರಿಸುವ ಕೆಲಸಕ್ಕೇ ವಾರಗಳು ಹಿಡಿಯಬಹುದು. ಆ ಕೆಲಸ ಮುಗಿಯುವ ಮುನ್ನ ಗಾಡಿ ಹೇರಿಕೊಂಡು ಹೋದರೆ ಬಾಡಿಗೆ ಎರಡು ಸಲ.

ಮೂರನೆಯದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ಅದು ಮಾಲೀಕರ ಕೈಯಲ್ಲಿಲ್ಲ, ರಾಜ್ಯ ಸರ್ಕಾರದ ಕೈಯಲ್ಲಿದೆ. ಕಾಯ್ದೆಯ 43ನೇ ಕಲಮಿನ ಪ್ರಕಾರ ವಾಹನದ ಮಾಲೀಕ ತಾತ್ಕಾಲಿಕ ನೋಂದಣಿಗೆ ಅರ್ಜಿ ಹಾಕಬಹುದು. ಹಳದಿ ಫಲಕದ ಮೇಲೆ ಕೆಂಪು ಅಕ್ಷರದ ನಂಬರು ಇದರದ್ದೇ. ಅದರ ಜೊತೆಗೆ, ರಾಜ್ಯದೊಳಗೆ ತಾತ್ಕಾಲಿಕವಾಗಿ ಸಂಚರಿಸುವ ವಾಹನಕ್ಕೆ ಒಂದು ತಿಂಗಳ ಅವಧಿಯ ನೋಂದಣಿಯನ್ನು ರಾಜ್ಯ ಸರ್ಕಾರ ತಾನು ಗೊತ್ತುಪಡಿಸಿದ ರೀತಿಯಲ್ಲಿ ಕೊಡಬಹುದು ಎಂಬ ಮಾತನ್ನೂ 2019ರ ತಿದ್ದುಪಡಿ ಸೇರಿಸಿತು. ಅಲ್ಲಿ ಡೀಲರ್ ಎಂಬ ಪದವಿಲ್ಲ. ಹೊಸ ವಾಹನಕ್ಕೆ ಮಾತ್ರ ಎಂಬ ಷರತ್ತೂ ಇಲ್ಲ.

ಕಲಮು ಇಷ್ಟು ಅಗಲವಾಗಿದ್ದರೂ ಬಳಕೆಯಲ್ಲಿ ಅದು ಹೊಸ ವಾಹನಕ್ಕೆ ಸೀಮಿತವಾಗಿದೆ. ತಾತ್ಕಾಲಿಕ ನೋಂದಣಿ ಎಂದರೆ ಶೋರೂಮಿನ ಮಾರಾಟ ಪತ್ರ, ಕಂಪನಿಯ ದಾಖಲೆ ಎಂಬ ಕ್ರಮ ರೂಢಿಯಾಗಿಬಿಟ್ಟಿದೆ. ಮೂಲ ಕಂಪನಿಯೇ ಉಳಿದಿಲ್ಲದ ಗಾಡಿಗೆ ಮಾರಾಟ ಪತ್ರ ಕೊಡುವವರು ಯಾರು? ಯಾದವಗಿರಿಯ ಆ ಕಾರ್ಖಾನೆ 1996ರಲ್ಲೇ ಬಾಗಿಲು ಮುಚ್ಚಿತು.

ಕರ್ನಾಟಕ ಮೋಟಾರು ವಾಹನ ನಿಯಮಗಳಿಗೆ ಒಂದು ಪುಟದ ತಿದ್ದುಪಡಿ ತಂದರೆ ಇದು ಬಗೆಹರಿಯುತ್ತದೆ ಎಂದು ನಾನು ಬಲವಾಗಿ ನಂಬಿದ್ದೇನೆ. ತಪಾಸಣೆಯ ದಿನ ಮೊದಲೇ ನಿಗದಿಯಾಗಿರಬೇಕು. ಅರ್ಜಿಯಲ್ಲಿ ಚಾಸಿ ಮತ್ತು ಎಂಜಿನ್ ನಂಬರಿನ ಫೋಟೊ ಇರಬೇಕು, ಪೊಲೀಸ್ ದಾಖಲೆಯಲ್ಲಿ ಅದು ಕಳವಿನ ವಾಹನವಲ್ಲ ಎಂದು ಖಚಿತವಾಗಬೇಕು. ಬ್ರೇಕು, ಸ್ಟಿಯರಿಂಗು, ದೀಪ, ಟೈರು ನೋಡಿ ಸಹಿ ಹಾಕಿದ ಮೆಕ್ಯಾನಿಕ್ಕಿನ ಚೀಟಿ ಇರಬೇಕು. ಚಾಸಿ ನಂಬರಿನ ಮೇಲೆಯೇ ಕೊಟ್ಟ ಕಿರು ಅವಧಿಯ ಮೂರನೇ ವ್ಯಕ್ತಿ ವಿಮೆ ಇರಬೇಕು. ಇಷ್ಟಿದ್ದರೆ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಅಥವಾ ಗ್ಯಾರೇಜಿಗೆ ಹೋಗಲು ಹಳದಿ ಫಲಕದ ನಂಬರು ಕೊಡಬಹುದು. ಮರಳುವ ಪಯಣವನ್ನು ಬಿಡಬಾರದು. ತಪಾಸಣೆಯಲ್ಲಿ ಅನುತ್ತೀರ್ಣವಾದ ಗಾಡಿಯೂ ಮನೆಗೆ ಬರಬೇಕಲ್ಲ.

ಇದರಿಂದ ದುರುಪಯೋಗವಾಗುತ್ತದೆ ಎಂಬ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಚಾಸಿ ನಂಬರನ್ನು ಉಜ್ಜಿ ಬೇರೆ ನಂಬರು ಹೊಡೆಯುವವರು ಇದ್ದಾರೆ. ತಪಾಸಣೆಯ ಹೆಸರಿನಲ್ಲಿ ತಿಂಗಳುಗಟ್ಟಲೆ ತಿರುಗುವವರೂ ಹುಟ್ಟಿಕೊಳ್ಳಬಹುದು. ಇದೇ ಭಯ ಬೇರೆ ದೇಶಗಳಿಗೂ ಇತ್ತು, ಅವರು ಅದನ್ನು ದಿನ ಮತ್ತು ದೂರದಿಂದ ಕಟ್ಟಿಹಾಕಿದರು. ಬ್ರಿಟನ್ನಿನಲ್ಲಿ ಎಂಒಟಿ ಎಂಬ ವಾರ್ಷಿಕ ಪರೀಕ್ಷೆಯ ಪತ್ರವಿಲ್ಲದ, ರಸ್ತೆ ತೆರಿಗೆ ಕಟ್ಟದ ಗಾಡಿಯನ್ನೂ ಮೊದಲೇ ಸಮಯ ಕಾದಿರಿಸಿದ ಪರೀಕ್ಷೆಗೆ ಓಡಿಸಿಕೊಂಡು ಹೋಗಬಹುದು. ವಿಮೆ ಮಾತ್ರ ಇರಲೇಬೇಕು, ಗಾಡಿ ಅಪಾಯಕಾರಿ ಸ್ಥಿತಿಯಲ್ಲಿರಬಾರದು. ಕಾದಿರಿಸಿದ ದಾಖಲೆಯಿಲ್ಲದೆ ಸಿಕ್ಕಿಬಿದ್ದರೆ ವಿನಾಯಿತಿಯಿಲ್ಲ. ಜರ್ಮನಿಯಲ್ಲಿ ಕಚೇರಿ ಮೊದಲೇ ಹಂಚಿದ ನಂಬರನ್ನು ಸರ್ಕಾರಿ ಮುದ್ರೆಯಿಲ್ಲದ ಫಲಕದಲ್ಲಿ ಹಾಕಿಕೊಂಡು, ವಿಮೆ ದೃಢಪಟ್ಟಿದ್ದರೆ, ತನ್ನ ಜಿಲ್ಲೆ ಹಾಗೂ ಪಕ್ಕದ ಜಿಲ್ಲೆಯ ಮಿತಿಯಲ್ಲಿ ನೋಂದಣಿಗೆ ಸಂಬಂಧಿಸಿದ ಓಡಾಟ ಮಾಡಬಹುದು. ಹೆಚ್ಚೆಂದರೆ ಐದು ದಿನ ಚಾಲ್ತಿಯಲ್ಲಿರುವ ಕಿರು ಅವಧಿಯ ಫಲಕವೂ ಅಲ್ಲಿದೆ.

ಇನ್ನೊಂದು ದಾರಿಯೂ ಇದೆ, ಅದಕ್ಕೆ ನಿಯಮ ಬದಲಿಸುವುದೂ ಬೇಡವೇನೋ. ಗಾಡಿ ಕಚೇರಿಗೆ ಬರುವ ಬದಲು ಇನ್‌ಸ್ಪೆಕ್ಟರೇ ಗಾಡಿಯಿರುವಲ್ಲಿಗೆ ಬರಬಹುದು. ಒಂದು ಊರಿನ ಹತ್ತು ಹಳೆಯ ವಾಹನಗಳನ್ನು ತಿಂಗಳಿಗೊಂದು ದಿನ ಗೊತ್ತುಮಾಡಿ ನೋಡಿ ಬಂದರೆ ಹತ್ತು ಬಾಡಿಗೆ ಲಾರಿ ಉಳಿಯುತ್ತದೆ. ಎಂಬತ್ತು ವರ್ಷದ ಕಾರಿಗೆ ಇದು ಕ್ಷೇಮವೂ ಹೌದು. ಮರದ ಚೌಕಟ್ಟಿನ ದೇಹವಿರುವ ಕಾರನ್ನು ಲಾರಿಗೆ ಏರಿಸಿ ಇಳಿಸುವುದೇ ಅದಕ್ಕೆ ಆಗುವ ದೊಡ್ಡ ಹಾನಿ ಎಂದು ಅಂಥ ಕಾರು ಇಟ್ಟುಕೊಂಡವರು ಹೇಳುತ್ತಾರೆ.

ಇದೆಲ್ಲ ಅರಮನೆಗಳವರ, ಶ್ರೀಮಂತರ ಚಿಂತೆ ಎಂದು ಓದುಗರಿಗೆ ಅನಿಸಬಾರದು. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ವಸ್ತು ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಕಾರುಗಳಿಗೆ ನೋಡಿಕೊಳ್ಳುವವರು, ಕಾಗದಪತ್ರ ಮಾಡಿಸುವವರು ಇರುತ್ತಾರೆ. ಐವತ್ತು ವರ್ಷದ ಗೆರೆ ಪ್ರತಿ ವರ್ಷ ಒಂದು ವರ್ಷ ಮುಂದಕ್ಕೆ ಸರಿಯುತ್ತದೆ ಎಂಬುದನ್ನು ಗಮನಿಸಿ. 1972ರಲ್ಲಿ ಬಂದ ಬಜಾಜ್ ಚೇತಕ್ ಈಗ ಆ ಗೆರೆ ದಾಟಿದೆ. ಜಾವಾ ಹೆಸರು ಬಿಟ್ಟು 1973ರಲ್ಲಿ ಯೆಜ್ಡಿ ಎಂದು ಹೊರಬಂದ ಮೊದಲ ಗಾಡಿಗಳು ದಾಟಿವೆ. ಡಾಕ್ಟರು, ಮೇಷ್ಟ್ರು, ಕಂಟ್ರಾಕ್ಟರು ಓಡಿಸುತ್ತಿದ್ದ ಫಿಯೆಟ್ಟು, ಅಂಬಾಸಿಡರುಗಳು ದಾಟುತ್ತಿವೆ. ಇವುಗಳ ಈಗಿನ ಮಾಲೀಕರು ಸಂಗ್ರಾಹಕರಲ್ಲ. ಅಪ್ಪನದ್ದು, ತಾತನದ್ದು ಎಂಬ ಒಂದೇ ಕಾರಣಕ್ಕೆ ಗುಜರಿಗೆ ಹಾಕದೆ ಇಟ್ಟುಕೊಂಡವರು. ತಪಾಸಣೆಗೆ ಒಯ್ಯುವ ಖರ್ಚು, ಅಲೆದಾಟ ನೋಡಿ ಅವರಲ್ಲಿ ಎಷ್ಟೋ ಜನ ಮತ್ತೆ ಸೀರೆ ಹೊದಿಸಿಬಿಡುತ್ತಾರೆ. ಕೆಲವರು ತೂಕಕ್ಕೆ ಮಾರಿಬಿಡುತ್ತಾರೆ. ಮೈಸೂರಿನ ಕೆಲಸಗಾರರು ಕೈಯಾರೆ ಜೋಡಿಸಿದ ಗಾಡಿಯೊಂದು ಹೀಗೆ ಕರಗಿ ಹೋಗುವುದನ್ನು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ನಮ್ಮ ಜಾವಾ ತಪಾಸಣೆಯ ದಿನ ಏಸ್‌ನಿಂದ ಹಲಗೆಯ ಮೇಲೆ ಜಾರಿ ಕಚೇರಿಯ ಅಂಗಳಕ್ಕೆ ಇಳಿಯಿತು. ಇನ್‌ಸ್ಪೆಕ್ಟರು ಯುವಕರು. ಹ್ಯಾಂಡಲು ಕೂಡುವ ಕಡೆ ಚಾಸಿಯ ಮೇಲೆ ಬಿಳಿ ಹಾಳೆಯಿಟ್ಟು ಪೆನ್ಸಿಲ್ ಉಜ್ಜಿದರು. ಒಂದೊಂದೇ ಅಂಕಿ ಬೂದುಬಣ್ಣದಲ್ಲಿ ಮೇಲೆದ್ದು ಬಂತು. ಆರ್‌ಸಿಯ ಮಾಸಿದ ಶಾಯಿಯ ಜೊತೆ ಹೋಲಿಸಿ, ಎಂಜಿನ್ ನಂಬರನ್ನೂ ನೋಡಿ, ಹಾರ್ನು, ಹೆಡ್‌ಲೈಟು, ಬ್ರೇಕು ಪರೀಕ್ಷಿಸಿ ಸಹಿ ಹಾಕಿದರು. “ಒಂದು ಸಲ ಸ್ಟಾರ್ಟ್ ಮಾಡಿ, ಸದ್ದು ಕೇಳೋಣ” ಎಂದರು. ಅಣ್ಣ ಕಿಕ್ ಹೊಡೆದ. ಪಕ್ಕದ ಸಾಲಿನಲ್ಲಿ ಲೈಸೆನ್ಸ್ ಪರೀಕ್ಷೆಗೆ ನಿಂತಿದ್ದ ಹುಡುಗರು ತಿರುಗಿ ನೋಡಿದರು.

ನವೀಕರಣದ ಪತ್ರ ಕೈಗೆ ಬರಲು ಇನ್ನೂ ದಿನಗಳಿದ್ದವು. ಅಲ್ಲಿಯವರೆಗೆ ಅದು ಕಾನೂನಿನಂತೆ ನೋಂದಣಿಯಿಲ್ಲದ ಗಾಡಿಯೇ. ಎಂಜಿನ್ ಆರಿಸಿ, ಬಿಸಿಯಿದ್ದ ಸೈಲೆನ್ಸರಿಗೆ ಕೈ ತಾಗದಂತೆ ನಾವಿಬ್ಬರೂ ಅದನ್ನು ಮತ್ತೆ ಹಲಗೆಯ ಮೇಲೆ ತಳ್ಳಿ ಏಸ್‌ಗೆ ಹತ್ತಿಸಿದೆವು.